ಹೈವೇ 61ರಲ್ಲಿ ನಿಧಾನವಾಗಿ: ಸುಪೀರಿಯರ್ ದಂಡೆಯ ಟೆಂಟ್ ಪ್ರವಾಸ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ರೋಡ್ ಟ್ರಿಪ್ ಅಂದ ಕೂಡಲೇ ನಮ್ಮ ಕನ್ನಡದ ಗೆಳೆಯರೆಲ್ಲ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಅನ್ನುತ್ತಾರೆ. ಇಲ್ಲಿಂದ ಅಲ್ಲಿಗೆ ಹೆಚ್ಚುಕಡಿಮೆ ಸಾವಿರ ಮೈಲಿ. ರಜೆಯ ಅರ್ಧ ಭಾಗ ಸ್ಟೇರಿಂಗ್ ಹಿಡಿದೇ ಕಳೆಯುತ್ತದೆ. ನನಗೂ ನನ್ನ ಗಂಡನಿಗೂ ಅದು ಬೇಡವಾಗಿತ್ತು. ಹತ್ತಿರದ ಒಂದೇ ರಸ್ತೆಯನ್ನು ಹಿಡಿದು ಪೂರ್ತಿ ನೋಡೋಣ ಅಂತ ಮಾತಾಡಿಕೊಂಡೆವು.

ಆ ರಸ್ತೆ ಹೈವೇ 61. ಮಿನ್ನೆಸೋಟ ರಾಜ್ಯದ ಡುಲೂತ್‌ ಊರಿಂದ ಕೆನಡಾ ಗಡಿವರೆಗೆ ಸುಪೀರಿಯರ್ ಸರೋವರದ ದಂಡೆಗುಂಟ ಹೋಗುತ್ತದೆ. ಉದ್ದ ಸುಮಾರು 150 ಮೈಲಿ, ಅಂದರೆ 240 ಕಿ.ಮೀ. ಸುಮ್ನೆ ಓಡಿಸಿಕೊಂಡು ಹೋದರೆ ಮೂರು ಗಂಟೆ ಸಾಕು. ನಾವು ಒಂದು ವಾರಕ್ಕಿಂತ ಜಾಸ್ತಿ ಇಟ್ಟುಕೊಂಡೆವು. ರಸ್ತೆಯ ಪಕ್ಕದಲ್ಲೋ ಸ್ವಲ್ಪ ಒಳಗೋ ಎಂಟು ಸ್ಟೇಟ್ ಪಾರ್ಕ್‌ಗಳಿವೆ. ನಡುನಡುವೆ ಸಣ್ಣ ಊರುಗಳು. ಒಂದೊಂದು ಪಾರ್ಕಿನಲ್ಲೂ ಒಂದು ಹೊಳೆ ಕಾಡಿನಿಂದ ಇಳಿದು, ಜಲಪಾತವಾಗಿ ಬಿದ್ದು, ಸರೋವರ ಸೇರುತ್ತದೆ.

ಮೊದಲು ಬುಕಿಂಗ್ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಎಡವಿದರೆ ಉಳಿದದ್ದೆಲ್ಲ ಎಡವಟ್ಟಾಗುತ್ತದೆ. ಮಿನ್ನೆಸೋಟದ ಸ್ಟೇಟ್ ಪಾರ್ಕುಗಳಲ್ಲಿ ಟೆಂಟ್ ಜಾಗವನ್ನು 120 ದಿನ ಮುಂಚಿನಿಂದ ಕಾದಿರಿಸಬಹುದು. ಬೇಸಿಗೆಯ ಶುಕ್ರವಾರ, ಶನಿವಾರಗಳ ಜಾಗ ಬೆಳಗ್ಗೆ ಬುಕಿಂಗ್ ತೆರೆದ ಕೂಡಲೇ ಮುಗಿದುಹೋಗುತ್ತದೆ. ನಾವು ಭಾನುವಾರ ಹೊರಟೆವು. ಎಲ್ಲರೂ ವಾಪಸ್ ಹೋಗುವ ಹೊತ್ತಿಗೆ ನಾವು ಒಳಗೆ ಬಂದೆವು, ವಾರದ ನಡುವಿನ ರಾತ್ರಿಗಳಿಗೆ ಒಳ್ಳೊಳ್ಳೆ ಜಾಗ ಸಿಕ್ಕವು. ಒಳಗೆ ಕಾರು ತರಲು ಬೇರೆ ಪರ್ಮಿಟ್ ಬೇಕು. ನಾವು ಕೊಂಡಾಗ ದಿನಕ್ಕೆ 7 ಡಾಲರ್, ವರ್ಷಕ್ಕೆ 35 ಡಾಲರ್ ಇತ್ತು. ಇಂಥ ಪ್ರವಾಸಕ್ಕೆ ವರ್ಷದ್ದೇ ಲಾಭ.

ಒಂದೇ ಜಾಗದಲ್ಲಿ ಕನಿಷ್ಠ ಎರಡು ರಾತ್ರಿ ಅನ್ನೋದು ನಾವು ಹಾಕಿಕೊಂಡ ನಿಯಮ. ದಿನಾ ಟೆಂಟ್ ಬಿಚ್ಚಿ ಕಟ್ಟುವುದರಲ್ಲೇ ಬೆಳಗ್ಗೆ ಸಂಜೆ ಎರಡೂ ಹೋಗುತ್ತವೆ. ಎರಡು ರಾತ್ರಿ ಇದ್ದರೆ ನಡುವಿನ ಒಂದು ಇಡೀ ದಿನ ನಮ್ಮದು.

ಮೊದಲ ಠಿಕಾಣಿ ಗೂಸ್‌ಬೆರಿ ಫಾಲ್ಸ್. ಇಲ್ಲಿ ಜಲಪಾತದ ಜೊತೆಗೆ ಕಲ್ಲಿನ ಕೆಲಸವನ್ನೂ ನೋಡಬೇಕು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಹುಡುಗರಿಗೆ ಸರ್ಕಾರ ಕೆಲಸ ಕೊಟ್ಟ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಯೋಜನೆಯಲ್ಲಿ ಈ ಕಟ್ಟಡಗಳನ್ನೂ ಗೋಡೆಗಳನ್ನೂ ಕಟ್ಟಿದರು. ಕೆಂಪು, ಕಂದು, ಕಪ್ಪು ಕಲ್ಲುಗಳನ್ನು ಒಂದಕ್ಕೊಂದು ಹೊಂದಿಸಿ ಕೂರಿಸಿದ್ದಾರೆ. ಆ ಹುಡುಗರ ಕೈಕೆಲಸ ಇವತ್ತಿಗೂ ಒಂಚೂರು ಅಲುಗಿಲ್ಲ.

ಸ್ಪ್ಲಿಟ್ ರಾಕ್ ಲೈಟ್‌ಹೌಸ್ ಪಾರ್ಕ್ ನಮಗೆ ತುಂಬಾ ಇಷ್ಟವಾಯಿತು. ಅಲ್ಲಿ ತಳ್ಳುಗಾಡಿಯ ಕ್ಯಾಂಪ್‌ಸೈಟುಗಳಿವೆ. ಕಾರನ್ನು ನಿಲ್ಲಿಸಿ, ಪಾರ್ಕಿನವರೇ ಇಟ್ಟಿರುವ ಎರಡು ಗಾಲಿಯ ಗಾಡಿಗೆ ಸಾಮಾನು ತುಂಬಿ, ಕಾಡಿನ ದಾರಿಯಲ್ಲಿ ತಳ್ಳಿಕೊಂಡು ಹೋಗಬೇಕು. ಕೂಲರ್ ಕೆಳಗೆ, ಟೆಂಟ್ ಅದರ ಮೇಲೆ, ಸ್ಲೀಪಿಂಗ್ ಬ್ಯಾಗ್ ಎಲ್ಲಕ್ಕಿಂತ ಮೇಲೆ. ಭಾರ ಗಾಲಿಯ ಅಚ್ಚಿನ ಮೇಲೆ ಕೂತರೆ ಏರಿನಲ್ಲೂ ಗಾಡಿ ಹಗುರ. ಮುಂದಕ್ಕೆ ಜಾಸ್ತಿ ಇಟ್ಟರೆ ಇಳಿಜಾರಿನಲ್ಲಿ ಅದೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇವರು ಹಿಡಿಕೆ ಹಿಡಿದರು, ನಾನು ಹಿಂದಿನಿಂದ ಕೈ ಕೊಟ್ಟೆ. ಕಾರು ಬರಲಾಗದ ಕಾರಣಕ್ಕೇ ಅಲ್ಲಿ ರಾತ್ರಿ ಹೆಡ್‌ಲೈಟ್ ಇಲ್ಲ, ಬಾಗಿಲು ಬಡಿಯುವ ಸದ್ದಿಲ್ಲ. ಟೆಂಟ್‌ನಿಂದ ನಾಲ್ಕು ಹೆಜ್ಜೆ ಇಟ್ಟರೆ ಬಂಡೆ, ಬಂಡೆಯ ಕೆಳಗೆ ನೀರು.

ಆ ದೀಪಸ್ತಂಭಕ್ಕೂ ಒಂದು ಸಾಮಾನು ಸಾಗಿಸಿದ ಕತೆ ಇದೆ. 1905ರ ನವೆಂಬರ್ ಬಿರುಗಾಳಿಯಲ್ಲಿ ಈ ಸರೋವರದ 29 ಹಡಗುಗಳು ಹಾನಿಗೊಂಡವು. ಆಮೇಲೆ ದೀಪಸ್ತಂಭ ಬೇಕು ಎಂಬ ಒತ್ತಾಯ ಬಂತು. 1910ರಲ್ಲಿ ದೀಪ ಹತ್ತಿತು, 1969ರವರೆಗೆ ಉರಿಯಿತು. ಕಟ್ಟುವಾಗ ಇಲ್ಲಿ ರಸ್ತೆಯೇ ಇರಲಿಲ್ಲ, ದಂಡೆಯ ಹೆದ್ದಾರಿ ಬಂದಿದ್ದು 1924ರಲ್ಲಿ. ಇಟ್ಟಿಗೆ, ಕಬ್ಬಿಣ ಎಲ್ಲವನ್ನೂ ದೋಣಿಯಲ್ಲಿ ತಂದು 130 ಅಡಿ ಎತ್ತರದ ಬಂಡೆಯ ಮೇಲಕ್ಕೆ ಕ್ರೇನಿನಲ್ಲಿ ಎತ್ತಿದ್ದರು. ಗಾಡಿ ತಳ್ಳಿ ಬೆವರಿದ ದಿನವೇ ಅದನ್ನು ಓದಿದ್ದರಿಂದ ಆ ಜನರ ಶ್ರಮ ಮನಸ್ಸಿಗೆ ಚೆನ್ನಾಗಿ ತಟ್ಟಿತು.

ಅಡುಗೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಎರಡು ಒಲೆಯ ಪ್ರೊಪೇನ್ ಸ್ಟವ್ ಒಂದಿದ್ದರೆ ಸಾಕು. ರವೆಯನ್ನು ಮನೆಯಲ್ಲೇ ಸಾಸಿವೆ, ಉದ್ದಿನಬೇಳೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಸಮೇತ ಹುರಿದು ಡಬ್ಬಿಗೆ ಹಾಕಿಕೊಂಡೆ. ಅಲ್ಲಿ ನೀರು ಕುದಿಸಿ, ಉಪ್ಪು ಹಾಕಿ, ರವೆ ಸುರಿದರೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ ಇದ್ದರೆ ಕೂಲರಿನ ಐಸ್ ಕರಗಿದರೂ ಊಟಕ್ಕೆ ತೊಂದರೆಯಿಲ್ಲ. ಡಿಕಾಕ್ಷನ್ ಮಾತ್ರ ದಿನಾ ಬೆಳಗ್ಗೆ ಅಲ್ಲೇ ಇಳಿಸುತ್ತಿದ್ದೆವು, ಅದರಲ್ಲಿ ಇವರು ರಾಜಿ ಆಗೋದಿಲ್ಲ!

ಇದು ಕರಡಿಗಳಿರುವ ಕಾಡು. ವಾಸನೆ ಇರುವ ಯಾವುದನ್ನೂ ಟೆಂಟ್ ಒಳಗೆ ಇಡಬಾರದು, ಟೂತ್‌ಪೇಸ್ಟ್ ಕೂಡ. ನಮ್ಮ ಅಡುಗೆಯ ಘಮ ಜಾಸ್ತಿ ಅಲ್ವಾ, ಹಾಗಾಗಿ ಊಟ ಮುಗಿದ ತಕ್ಷಣ ಪಾತ್ರೆ ತೊಳೆದು, ಮೇಜು ಒರೆಸಿ, ಎಲ್ಲವನ್ನೂ ಕಾರಿನೊಳಗೆ ಹಾಕಿ ಬೀಗ ಹಾಕುತ್ತಿದ್ದೆವು. ತಳ್ಳುಗಾಡಿ ಜಾಗದಲ್ಲಿ ಇದಕ್ಕೇ ಒಂದು ಓಡಾಟ ಜಾಸ್ತಿ. ಸೌದೆ ಮನೆಯಿಂದ ತರುವ ಹಾಗಿಲ್ಲ. ಆ್ಯಶ್ ಎಂಬ ಜಾತಿಯ ಮರಗಳನ್ನು ಕೊಲ್ಲುವ ಹಸಿರು ಕೊರಕ ಹುಳು ಸೌದೆಯ ಜೊತೆಗೇ ಊರೂರಿಗೆ ಹರಡುತ್ತದೆ. ಪಾರ್ಕ್ ಆಫೀಸಿನಲ್ಲೋ ಅನುಮತಿ ಇರುವ ಅಂಗಡಿಯಲ್ಲೋ ಕಟ್ಟು ಕೊಳ್ಳಬೇಕು. ಕಾಡಿನ ಒಣಕಡ್ಡಿ ಆರಿಸುವುದಕ್ಕೂ ಅನುಮತಿ ಇಲ್ಲ.

ಜುಲೈನಲ್ಲೂ ರಾತ್ರಿ ಚಳಿ. ಸರೋವರದ ನೀರು ಬೇಸಿಗೆಯಿಡೀ ಕೊರೆಯುತ್ತದೆ, ಅದರ ಮೇಲಿಂದ ಗಾಳಿ ಬರುತ್ತದೆ. ನೆಲದ ತಣುವು ತಡೆಯುವ ದಪ್ಪ ಮ್ಯಾಟ್‌ಗೆ ದುಡ್ಡು ಹಾಕಿ, ಅದು ಸ್ಲೀಪಿಂಗ್ ಬ್ಯಾಗಿಗಿಂತ ಮುಖ್ಯ. ನೆಲದಲ್ಲಿ ಬರೀ ಕಲ್ಲು, ಗೂಟ ಇಳಿಯುವುದಿಲ್ಲ. ಉದ್ದನೆ ಹಗ್ಗ ಇಟ್ಟುಕೊಂಡು ದೊಡ್ಡ ಕಲ್ಲಿಗೋ ಮರಕ್ಕೋ ಕಟ್ಟಿದರೆ ಗಾಳಿ ಎದ್ದಾಗ ನೆಮ್ಮದಿಯಾಗಿ ಮಲಗಬಹುದು. ಸೊಳ್ಳೆಗೆ ತುಂಬು ತೋಳಿನ ಅಂಗಿ, ಸಂಜೆ ಹೊಗೆ.

ಇನ್ನು ಊರುಗಳು. ನನ್ನ ಗಂಡ ಬೆಳೆದದ್ದು ಕುದುರೆಮುಖದ ಗಣಿ ಟೌನ್‌ಶಿಪ್‌ನಲ್ಲಿ. ಮಾವ ಅಲ್ಲಿ ಕೆಲಸದಲ್ಲಿದ್ದರು. ಟೂ ಹಾರ್ಬರ್ಸ್ ಎಂಬ ಊರಿನಲ್ಲಿ ಅದಿರು ತುಂಬುವ ಕಟ್ಟೆಗಳ ಹತ್ತಿರ ಊಟಕ್ಕೆ ನಿಂತಿದ್ದೆವು. 1884ರಿಂದ ಅಲ್ಲಿಂದ ಕಬ್ಬಿಣದ ಅದಿರು ಹಡಗೇರುತ್ತಿದೆ. ದಾರಿ ಬದಿಯಲ್ಲಿ ಬಿದ್ದಿದ್ದ ಒಂದು ಸಣ್ಣ ಗುಂಡನ್ನು ಇವರು ಎತ್ತಿಕೊಂಡರು. ಗೋಲಿಗಿಂತ ಸ್ವಲ್ಪ ಚಿಕ್ಕದು, ಬೂದು ಮಿಶ್ರಿತ ಕಂದು ಬಣ್ಣ, ಕೈಗೆ ತೂಕ ಜಾಸ್ತಿ. ಬೆರಳಿಗೆ ಕೆಂಪು ಪುಡಿ ಅಂಟಿತು.

“ಏ, ಇಲ್ಲಿ ನೋಡು, ಪೆಲೆಟ್! ನಮ್ಮ ಮಂಗಳೂರಿನ ಫ್ಯಾಕ್ಟರೀಲಿ ಮಾಡ್ತಿದ್ದಿದ್ದು ಇದನ್ನೇ” ಅಂದರು.

ಅಲ್ಲಿಂದ ಮುಂದೆ ಸಿಲ್ವರ್ ಬೇ ತಲುಪುವವರೆಗೂ ಅದೇ ಮಾತು. ಇಲ್ಲಿನ ಟ್ಯಾಕೊನೈಟ್‌ ಕಲ್ಲಿನಲ್ಲಿ ಕಬ್ಬಿಣ ಕಡಿಮೆ, ಕಾಲು ಭಾಗದಷ್ಟೋ ಸ್ವಲ್ಪ ಜಾಸ್ತಿಯೋ ಇರುತ್ತದೆ. ಅದನ್ನು ಪುಡಿ ಮಾಡಿ, ಅಯಸ್ಕಾಂತದಿಂದ ಕಬ್ಬಿಣದ ಅಂಶ ಬೇರೆ ಮಾಡಿ, ಜೇಡಿ ಸೇರಿಸಿ ಉಂಡೆ ಕಟ್ಟಿ ಸುಡುತ್ತಾರೆ, ಅದೇ ಪೆಲೆಟ್. ಕುದುರೆಮುಖದ ಅದಿರೂ ಇದೇ ಜಾತಿಯದು, ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್. ಅಲ್ಲಿ ಪುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದ ಮೇಲಿಂದ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಇಲ್ಲಿ ಬ್ಯಾಬಿಟ್ ಎಂಬ ಊರಿನ ಗಣಿಯಿಂದ ರೈಲಿನಲ್ಲಿ ಕಲ್ಲು ತರುತ್ತಾರೆ. ಸಿಲ್ವರ್ ಬೇ ಕೂಡ 1950ರ ದಶಕದಲ್ಲಿ ಗಣಿ ಕಂಪನಿಯೇ ಕಟ್ಟಿಸಿದ ಊರು. ಒಂದೇ ಥರದ ಮನೆಗಳ ಸಾಲು ಕಂಡು ಇವರು ಕಾರು ನಿಲ್ಲಿಸಿ ಇಳಿದು ನಡೆದರು. ನಾನು ಮದುವೆಯಾಗಿ ಇಷ್ಟು ವರ್ಷದಲ್ಲಿ ಕೇಳದ ಬಾಲ್ಯದ ಕತೆಗಳು ಅವತ್ತು ಹೊರಗೆ ಬಂದವು: ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒಣಗದ ಯೂನಿಫಾರಂ, ಶಿಫ್ಟ್ ಬಸ್ಸು, ಗಣಿಯ ಗಸಿ ತಡೆಯಲು ಕಟ್ಟಿದ್ದ ಲಕ್ಯಾ ಅಣೆಕಟ್ಟು.

ತ್ಯಾಜ್ಯದ ಕತೆಯೂ ಎರಡು ಕಡೆ ಇದೆ. ಸಿಲ್ವರ್ ಬೇಯಲ್ಲಿ ಅದಿರಿನ ಗಸಿಯನ್ನು ವರ್ಷಾನುಗಟ್ಟಲೆ ನೇರ ಸರೋವರಕ್ಕೇ ಸುರಿದರು. ದೊಡ್ಡ ಕೋರ್ಟ್ ಮೊಕದ್ದಮೆ ನಡೆದು, 1980ರಲ್ಲಿ ಅದು ನಿಂತಿತು. ಆ ಗಸಿಯಿಂದಲೇ ಆದ ಕರಿ ಮರಳಿನ ಬೀಚು ಈಗ ಎಲ್ಲರಿಗೂ ತೆರೆದಿದೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿಗಾರಿಕೆಯೇ ನಿಂತಿತು, ಟೌನ್‌ಶಿಪ್ ಖಾಲಿಯಾಯಿತು. ಎರಡು ತೀರ್ಪೂ ಸರಿ ಅಂತಲೇ ನಾನು ನಂಬುತ್ತೇನೆ. ಇವರೂ ಹಾಗೇ ಹೇಳುತ್ತಾರೆ. ಆದರೆ ಸಿಲ್ವರ್ ಬೇಯಲ್ಲಿ ಶಾಲೆ, ಅಂಗಡಿ, ಜನ ಎಲ್ಲ ಉಳಿದಿರುವುದನ್ನು ನೋಡಿ ಅವರಿಗೆ ತುಂಬಾ ಹೊತ್ತು ಮಾತು ಬರಲಿಲ್ಲ. ಯೆಲ್ಲೋಸ್ಟೋನ್‌ಗೆ ಓಡುವ ದಾರಿಯಾಗಿದ್ದರೆ ಇಂಥ ಊರಿನಲ್ಲಿ ಪೆಟ್ರೋಲ್ ಹಾಕಿಸಿ ಹೋಗಿಬಿಡುತ್ತಿದ್ದೆವು.

ಗ್ರ್ಯಾಂಡ್ ಮರೇ ಈ ದಾರಿಯ ಇನ್ನೊಂದು ಚಂದದ ಊರು, ಜನಸಂಖ್ಯೆ 1,300ರ ಆಸುಪಾಸು. ಬಟ್ಟೆ ಒಗೆಯಲು, ಬಿಸಿನೀರಿನ ಸ್ನಾನಕ್ಕೆ, ತರಕಾರಿ ಐಸ್ ತುಂಬಿಸಿಕೊಳ್ಳಲು ಇಲ್ಲಿ ನಿಲ್ಲಿ. ನಾರ್ತ್ ಹೌಸ್ ಫೋಕ್ ಸ್ಕೂಲ್ ಬಂದರಿನ ಪಕ್ಕದಲ್ಲೇ ಇದೆ. ಮರದ ದೋಣಿ ಕಟ್ಟುವುದು, ಚಮಚ ಕೆತ್ತುವುದು, ಬ್ರೆಡ್ ಸುಡುವುದು, ಹೀಗೆ ಕೈಕಸುಬು ಕಲಿಸುತ್ತಾರೆ.

ಮುಂದೆ ಜಡ್ಜ್ ಸಿ.ಆರ್. ಮ್ಯಾಗ್ನಿ ಪಾರ್ಕಿನಲ್ಲಿ ಡೆವಿಲ್ಸ್ ಕೆಟಲ್. ಒಂದು ಮೈಲಿಗೂ ಸ್ವಲ್ಪ ಜಾಸ್ತಿ ನಡಿಗೆ, ಸುಮಾರು ಇನ್ನೂರು ಮೆಟ್ಟಿಲು. ಬ್ರೂಲ್ ಹೊಳೆ ಬಂಡೆಯೊಂದರ ಹತ್ತಿರ ಎರಡಾಗಿ ಸೀಳುತ್ತದೆ. ಒಂದು ಕವಲು ಎಲ್ಲ ಹೊಳೆಯ ಹಾಗೆ ಕೆಳಗೆ ಬೀಳುತ್ತದೆ. ಇನ್ನೊಂದು ಕಲ್ಲಿನ ಗುಂಡಿಯೊಳಗೆ ನುಗ್ಗಿ ಕಾಣೆಯಾಗುತ್ತದೆ. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಜನ ಕತೆ ಕಟ್ಟುತ್ತಲೇ ಬಂದಿದ್ದರು. 2016ರಲ್ಲಿ ರಾಜ್ಯದ ಜಲತಜ್ಞರು ಸರಳ ಕೆಲಸ ಮಾಡಿದರು: ಗುಂಡಿಯ ಮೇಲೆ ಮತ್ತು ಜಲಪಾತದ ಕೆಳಗೆ ಹೊಳೆಯ ಹರಿವನ್ನು ಅಳೆದರು. ಮೇಲೆ ಸೆಕೆಂಡಿಗೆ 123 ಘನ ಅಡಿ, ಕೆಳಗೆ 121. ಅಂದರೆ ಗುಂಡಿಗೆ ಬಿದ್ದ ನೀರು ಒಳಗೊಳಗೇ ಹಾದು ಮತ್ತೆ ಅದೇ ಹೊಳೆ ಸೇರುತ್ತದೆ. ಉತ್ತರ ಗೊತ್ತಿದ್ದೂ ಆ ಗುಂಡಿಯ ಮುಂದೆ ನಿಂತರೆ ಕಣ್ಣು ಕೀಳಲಾಗಲಿಲ್ಲ.

ರಸ್ತೆಯ ಕೊನೆಗೆ ಗ್ರ್ಯಾಂಡ್ ಪೋರ್ಟೇಜ್. ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನಾಂಗದವರ ನೆಲದಲ್ಲಿರುವ ಈ ಪಾರ್ಕನ್ನು ಅವರೂ ರಾಜ್ಯವೂ ಸೇರಿ ನಡೆಸುತ್ತಾರೆ. ಇಲ್ಲಿ ಟೆಂಟ್ ಹಾಕುವಂತಿಲ್ಲ, ಹಗಲು ನೋಡಿ ಬರಬೇಕು. ಪಿಜನ್ ಹೊಳೆ 120 ಅಡಿ ಬೀಳುತ್ತದೆ, ಆಚೆ ದಡ ಕೆನಡಾ. ಈ ಜಲಪಾತದಿಂದಾಗಿ ದೋಣಿ ಮುಂದೆ ಹೋಗುತ್ತಿರಲಿಲ್ಲ. ಹಾಗಾಗಿ ತುಪ್ಪಳದ ವ್ಯಾಪಾರದ ಕಾಲದಲ್ಲಿ ಕೂಲಿಯವರು 40 ಕಿಲೋ ತೂಗುವ ಮೂಟೆಗಳನ್ನು ಎರಡೆರಡು ಹೊತ್ತು ಎಂಟೂವರೆ ಮೈಲಿ ನಡೆಯುತ್ತಿದ್ದರು. ಅವರಿಗಿಂತ ಎಷ್ಟೋ ಮೊದಲಿನಿಂದ ಓಜಿಬ್ವೆಯವರು ಬಳಸುತ್ತಿದ್ದ ದಾರಿ ಅದು, ಈಗಲೂ ನಡೆಯಬಹುದು.

ಅಗೇಟ್ ಎಂಬ ಬಣ್ಣದ ಪಟ್ಟೆಗಳ ಕಲ್ಲಿಗಾಗಿ ದಂಡೆಯಲ್ಲಿ ತಲೆತಗ್ಗಿಸಿ ನಡೆಯುವವರು ತುಂಬಾ ಜನ. ಸ್ಟೇಟ್ ಪಾರ್ಕಿನೊಳಗಿನಿಂದ ಒಂದು ಕಲ್ಲನ್ನೂ ತರಬಾರದು, ದಯವಿಟ್ಟು ಅದನ್ನು ಪಾಲಿಸಿ.

ಮುಂದಿನ ಸಲ ಸೆಪ್ಟೆಂಬರ್ ಕೊನೆಗೆ ಹೋಗುವ ಯೋಚನೆ ಇದೆ. ಸೊಳ್ಳೆ ಕಡಿಮೆ, ಬೆಟ್ಟದ ಮೇಪಲ್ ಮರಗಳು ಕೆಂಪಾಗಿರುತ್ತವೆ. ಈ ಸಲ ಸರಿಯಾಗಿ ನಿಲ್ಲದ ಟೆಂಪರೆನ್ಸ್ ರಿವರ್‌ನಲ್ಲಿ ಎರಡು ರಾತ್ರಿ, ಕ್ಯಾಸ್ಕೇಡ್‌ನಲ್ಲಿ ಎರಡು ರಾತ್ರಿ. ಮಾವ ಅತ್ತೆ ಇಲ್ಲಿಗೆ ಬಂದಾಗ ಅವರನ್ನೂ ಸಿಲ್ವರ್ ಬೇಗೆ ಕರೆದುಕೊಂಡು ಹೋಗಬೇಕು ಅಂತ ಇವರು ಹೇಳುತ್ತಿದ್ದಾರೆ. ಅವರಿಗೆ ಟೆಂಟ್ ಬೇಡ, ಪಕ್ಕದ ಊರಿನಲ್ಲಿ ಒಂದು ರೂಮು ನೋಡುತ್ತೇವೆ.