ಅವಧಿ ಖಚಿತವಿಲ್ಲದ ಕೆಲಸಗಳನ್ನಿಟ್ಟುಕೊಂಡು ಉತ್ಪನ್ನ ಬಿಡುಗಡೆಯ ದಿನಾಂಕ ಗೊತ್ತುಮಾಡುವುದು

ಪ್ರತಿ ಕೆಲಸಕ್ಕೂ ಒಂದೊಂದೇ ಅವಧಿ ಬರೆದು ಕೂಡಿಸಿದಾಗ ಸಿಗುವ ಬಿಡುಗಡೆಯ ದಿನಾಂಕ ಬಹುಮಟ್ಟಿಗೆ ಕೈಕೊಡುತ್ತದೆ. ಏಕೆಂದರೆ ಕೆಲಸ ಬೇಗ ಮುಗಿಯಲು ಇರುವ ಅವಕಾಶ ಅಲ್ಪ, ತಡವಾಗಲು ಇರುವ ದಾರಿಗಳು ಹಲವು. ಅಮೆರಿಕದ ನೌಕಾಪಡೆಯು 1950ರ ದಶಕದ ಕೊನೆಯಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ಪರ್ಟ್ ವಿಧಾನವು ಈ ಓರೆಯನ್ನು ಲೆಕ್ಕಕ್ಕೆ ತರುತ್ತದೆ.

ರಾಗಿ ಬಿಸ್ಕತ್ತಿನ ಬಿಡುಗಡೆಯೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಮೊದಲು ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕೆಂದು ಬರೆಯಿರಿ. ತಯಾರಿಕೆಯ ಹದ ನಿಗದಿಯಾದ ಮೇಲೆ ಬಾಳಿಕೆಯ ಪರೀಕ್ಷೆ ಮತ್ತು ಪೊಟ್ಟಣದ ವಿನ್ಯಾಸ ಜೊತೆಜೊತೆಗೇ ನಡೆಯಬಹುದು. ಆದರೆ ಎಷ್ಟು ದಿನದೊಳಗೆ ಬಳಸಬೇಕೆಂಬುದನ್ನು ಪೊಟ್ಟಣದ ಮೇಲೆ ನಮೂದಿಸಬೇಕಾದ್ದರಿಂದ ಮುದ್ರಣವು ಎರಡಕ್ಕೂ ಕಾಯಬೇಕು. ಕೊನೆಯದು ಉತ್ಪಾದನೆ ಮತ್ತು ರವಾನೆ.

ಬಳಿಕ ಪ್ರತಿ ಕೆಲಸಕ್ಕೂ ಆಶಾದಾಯಕ, ಅತಿ ಸಂಭವನೀಯ, ನಿರಾಶಾದಾಯಕ ಎಂಬ ಮೂರು ಅವಧಿಗಳನ್ನು ಕೆಲಸ ಮಾಡುವವರಿಂದಲೇ ಕೇಳಿ ಪಡೆಯಿರಿ. ನಿರಾಶಾದಾಯಕ ಅವಧಿಯನ್ನೇ ಮೊದಲು ಕೇಳುವುದು ಒಳ್ಳೆಯದು. ಮಧ್ಯದ ಅಂಕಿಯನ್ನು ಒಮ್ಮೆ ಹೇಳಿದವರು ಉಳಿದೆರಡನ್ನೂ ಅದರ ಆಸುಪಾಸಿನಲ್ಲೇ ಇಡುತ್ತಾರೆ. ವಾರಗಳಲ್ಲಿ ಹದಕ್ಕೆ 2, 3, 10. ಪರೀಕ್ಷೆಗೆ 4, 5, 12. ವಿನ್ಯಾಸಕ್ಕೆ 2, 4, 6. ಮುದ್ರಣಕ್ಕೆ 2, 3, 4. ಉತ್ಪಾದನೆ-ರವಾನೆಗೆ 1, 2, 3 ಎಂದಿರಲಿ.

ಮಧ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ ನಿರೀಕ್ಷಿತ ಅವಧಿ ಸಿಗುತ್ತದೆ: ಕ್ರಮವಾಗಿ 4, 6, 4, 3, 2 ವಾರ. ಪರೀಕ್ಷೆಯ ಮೂಲಕ ಸಾಗುವ ಹಾದಿ 15 ವಾರ, ವಿನ್ಯಾಸದ್ದು 13. ಆದ್ದರಿಂದ ಮೊದಲನೆಯದೇ ನಿರ್ಣಾಯಕ ಹಾದಿ, ಅಂದರೆ ಇಡೀ ಯೋಜನೆಯ ಅವಧಿಯನ್ನು ನಿರ್ಧರಿಸುವ ಅತಿ ಉದ್ದದ ಹಾದಿ. ಅತಿ ಸಂಭವನೀಯ ಅವಧಿಗಳನ್ನಷ್ಟೇ ಕೂಡಿಸಿದ್ದರೆ ಈ ಹಾದಿಗೂ 13 ವಾರವೇ ಬರುತ್ತಿತ್ತು.

ಇನ್ನು ಏರುಪೇರಿನ ಲೆಕ್ಕ. ಗರಿಷ್ಠ ಮತ್ತು ಕನಿಷ್ಠ ಅವಧಿಗಳ ವ್ಯತ್ಯಾಸವನ್ನು ಆರರಿಂದ ಭಾಗಿಸಿ ವರ್ಗ ಮಾಡಿ. ನಿರ್ಣಾಯಕ ಹಾದಿಯಲ್ಲಿ ಇವು 1.78, 1.78, 0.11, 0.11, ಮೊತ್ತ 3.78, ಅದರ ವರ್ಗಮೂಲ, ಅಂದರೆ ನಿರೀಕ್ಷೆಯಿಂದ ಅವಧಿ ಎಷ್ಟು ಆಚೀಚೆ ಹೋಗಬಹುದೆಂಬುದರ ಅಳತೆಯಾದ ಮಾನಕ ವಿಚಲನೆ, ಸುಮಾರು 1.94 ವಾರ. ಒಟ್ಟು ಅವಧಿಯು ನಾರ್ಮಲ್ ಹಂಚಿಕೆಯಂತೆ, ಅಂದರೆ ಸರಾಸರಿಯ ಎರಡೂ ಬದಿಗೆ ಸಮನಾಗಿ ಗಂಟೆಯ ಆಕಾರದಲ್ಲಿ ಹರಡಿದೆಯೆಂದುಕೊಂಡರೆ, ಅದರ ಕೋಷ್ಟಕದ ಪ್ರಕಾರ 13 ವಾರದಲ್ಲಿ ಮುಗಿಯುವ ಸಂಭವ ಶೇ. 15ರಷ್ಟು ಮಾತ್ರ, 17 ವಾರದಲ್ಲಾದರೆ ಶೇ. 85. ವ್ಯಾಪಾರಿಗಳಿಗೆ ಮಾತು ಕೊಡುವವರು ಎರಡನೆಯದನ್ನೇ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಈ ಶೇಕಡಾವಾರುಗಳೂ ತುಸು ಉದಾರವೇ. ಪರೀಕ್ಷೆ ಬೇಗ ಮುಗಿದರೂ ವಿನ್ಯಾಸ ತಡವಾಗಿ ಮುದ್ರಣವನ್ನು ಹಿಡಿದಿಡಬಹುದೆಂಬುದನ್ನು ಲೆಕ್ಕ ಗಮನಿಸುವುದಿಲ್ಲ. ಒಂದು ಕೆಲಸದ ವಿಳಂಬ ಇನ್ನೊಂದಕ್ಕೆ ತಗಲುವುದಿಲ್ಲವೆಂದೂ ಅದು ಭಾವಿಸುತ್ತದೆ. ಎರಡು ಹಾದಿಗಳ ಅವಧಿ ಹತ್ತಿರ ಹತ್ತಿರವಿದ್ದಲ್ಲಿ ಸ್ಪ್ರೆಡ್‌ಶೀಟಿನಲ್ಲಿ ಯಾದೃಚ್ಛಿಕ ಅವಧಿಗಳನ್ನು ಸಾವಿರಾರು ಬಾರಿ ಹಾಕಿ ನೋಡುವುದು ಹೆಚ್ಚು ನಂಬಿಕೆಗೆ ಅರ್ಹ.

ಹಣವನ್ನು ಎಲ್ಲಿ ಹಾಕಬೇಕೆಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ. ಏರುಪೇರೆಲ್ಲ ಬಹುಪಾಲು ಹದ ಮತ್ತು ಪರೀಕ್ಷೆಯಲ್ಲಿದೆ; ಮುದ್ರಕರಿಗೆ ಹೆಚ್ಚು ಹಣ ಕೊಟ್ಟು ಅವಸರಪಡಿಸಿದರೆ ಕೆಲವು ದಿನ ಉಳಿದೀತು, ಅನಿಶ್ಚಿತತೆ ಹಾಗೆಯೇ ಉಳಿಯುತ್ತದೆ. ಹದ ಮುಗಿದ ಕೂಡಲೇ ನಿಜವಾಗಿ ಹಿಡಿದ ಅವಧಿಯನ್ನು ಹಾಕಿ ಮರುಲೆಕ್ಕ ಮಾಡಿ: ಅದು 5 ವಾರ ಹಿಡಿದಿದ್ದರೆ ಒಟ್ಟು ನಿರೀಕ್ಷೆ 16 ವಾರಕ್ಕೆ ಏರುತ್ತದೆ, ಮಾನಕ ವಿಚಲನೆ ಮಾತ್ರ 1.41ಕ್ಕೆ ಇಳಿಯುತ್ತದೆ. ಜಾಹೀರಾತಿಗೆ ಮುಂಗಡ ಕೊಡುವುದನ್ನು ಅಲ್ಲಿಯವರೆಗೆ ತಡೆಹಿಡಿಯಬಹುದು.