ಗಾಜಿನ ಟೈಲ್: ಮೇಸ್ತ್ರಿ ಕರಣೆ ಹಿಡಿಯುವ ಮುನ್ನ ಓದಿಕೊಳ್ಳಿ

ಗಾಜಿನ ಟೈಲ್ ಹಾಕಿಸಿದ ಎಷ್ಟೋ ಅಡುಗೆಮನೆಗಳಲ್ಲಿ ಒಂದೇ ತೊಂದರೆ ನೋಡಿದ್ದೇನೆ. ಅಂಗಡಿಯಲ್ಲಿ ಫಳಫಳ ಹೊಳೆಯುತ್ತಿದ್ದ ತಿಳಿನೀಲಿ ಗೋಡೆಗೆ ಬಂದ ಮೇಲೆ ಮಂಕಾಗಿರುತ್ತದೆ. ಹತ್ತಿರ ಹೋದರೆ ಗಾಜಿನ ಹಿಂದೆ ಬೂದು ಸಿಮೆಂಟು, ಕರಣೆ ಎಳೆದ ಗೆರೆ, ಅಲ್ಲಲ್ಲಿ ಗಾಳಿಗುಳ್ಳೆ. ಟೈಲಿನದೇನೂ ತಪ್ಪಿಲ್ಲ. ಮಾಮೂಲಿ ಸೆರಾಮಿಕ್ ಟೈಲ್ ಅಂಟಿಸುವ ಹಾಗೆಯೇ ಇದನ್ನೂ ಅಂಟಿಸಿರುತ್ತಾರೆ.

ಸೆರಾಮಿಕ್ ತನ್ನ ಹಿಂದೆ ಇರುವುದನ್ನೆಲ್ಲ ಮುಚ್ಚಿಡುತ್ತದೆ, ಗಾಜು ತೋರಿಸಿಬಿಡುತ್ತದೆ. ಜೊತೆಗೆ ಸೆರಾಮಿಕ್ ಟೈಲಿನ ಬೆನ್ನು ನೀರು ಹೀರುವುದರಿಂದ ಸಿಮೆಂಟ್ ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಗಾಜು ನೀರು ಹೀರುವುದೇ ಇಲ್ಲ. ಬರೀ ಸಿಮೆಂಟ್ ಹಾಲು ಬಳಿದು ಅಂಟಿಸಿದರೆ ಬಿಲ್ಲೆಗಳು ಒಂದೊಂದಾಗಿ ಉದುರಲು ಶುರುವಾಗುತ್ತವೆ.

ಎಲ್ಲಿಗೆ, ಎಷ್ಟು

ಒಲೆಯ ಹಿಂದಿನ ಗೋಡೆಗೆ ಗಾಜಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಗ್ಗರಣೆ ಸಿಡಿಯಲಿ, ಅರಿಸಿನ ಮೆತ್ತಲಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಬಚ್ಚಲುಮನೆಯಲ್ಲಿ ಶವರ್ ಇರುವ ಒಂದು ಗೋಡೆಗೆ ಮಾತ್ರ ಹಾಕಿ. ನಾಲ್ಕೂ ಗೋಡೆಗೆ ಹಾಕಿದರೆ ಕಣ್ಣಿಗೆ ಸುಸ್ತು, ಖರ್ಚೂ ಜಾಸ್ತಿ. ಬೋರ್‌ವೆಲ್ ನೀರಿನ ಮನೆಯಾದರೆ ಗಾಢ ಬಣ್ಣ ಬೇಡವೇ ಬೇಡ. ಗಡಸು ನೀರಿನ ಬಿಳಿ ಕಲೆ ಕಪ್ಪು, ಕಡುನೀಲಿ ಗಾಜಿನ ಮೇಲೆ ಎದ್ದು ಕಾಣುತ್ತದೆ. ನೆಲಕ್ಕಂತೂ ಹಾಕಬೇಡಿ. ಸೋಪು ನೀರು ಬಿದ್ದರೆ ಜಾರುತ್ತದೆ, ಕಾಲಿನ ಮರಳಿಗೆ ಗೀರು ಬೀಳುತ್ತದೆ.

ಗಾಜಿನ ಮೊಸಾಯಿಕ್, ಅಂದರೆ ಸಣ್ಣ ಸಣ್ಣ ಬಿಲ್ಲೆಗಳನ್ನು ಜೋಡಿಸಿದ ಟೈಲ್, ಸುಮಾರು ಒಂದಡಿ ಚೌಕದ ಶೀಟ್‌ಗಳಲ್ಲಿ ಸಿಗುತ್ತದೆ. 10 ಅಡಿ ಉದ್ದ, 2 ಅಡಿ ಎತ್ತರದ ಗೋಡೆಗೆ 20 ಚದರಡಿ ಬೇಕು. ಕತ್ತರಿಸುವಾಗ ಒಡೆಯುವುದಕ್ಕೆ ಇನ್ನೂ 10% ಸೇರಿಸಿ, 22 ಶೀಟ್ ತನ್ನಿ. ಎಲ್ಲ ಡಬ್ಬಗಳ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಕೊಳ್ಳುವ ಮುನ್ನ ಒಂದು ಬಿಲ್ಲೆಯ ಬೆನ್ನನ್ನು ಕೀಲಿಕೈಯಿಂದ ಕೆರೆಯಿರಿ. ಬಣ್ಣ ಪುಡಿಯಾಗಿ ಉದುರಿದರೆ ಅದು ಹಿಂದೆ ಪೇಂಟ್ ಬಳಿದ ಅಗ್ಗದ ಮಾಲು. ತೇವ ಒಳಗೆ ಹೋದರೆ ಬಣ್ಣ ಏಳುತ್ತದೆ, ಅದರ ಜೊತೆ ಬಿಲ್ಲೆಯೂ ಬೀಳುತ್ತದೆ. ಗಾಜಿನಲ್ಲೇ ಬಣ್ಣ ಇರುವುದನ್ನು ಕೇಳಿ ಪಡೆಯಿರಿ. ಶೀಟ್‌ಗಳಲ್ಲೂ ಎರಡು ಬಗೆ ಇದೆ: ಹಿಂದೆ ಬಲೆ ಇರುವುದು, ಮುಂದೆ ಕಾಗದ ಅಂಟಿಸಿರುವುದು. ಮೇಸ್ತ್ರಿಗಳಿಗೆ ಬಲೆಯದೇ ಇಷ್ಟ, ಕೆಲಸ ಬೇಗ ಆಗುತ್ತದೆ ಅಲ್ವಾ. ಆದರೆ ತಿಳಿಬಣ್ಣದ ಗಾಜಾದರೆ ಬಲೆ ಹೊರಗೆ ಕಾಣುತ್ತದೆ. ನೀವು ಕಾಗದದ್ದೇ ತನ್ನಿ.

ಗೋಡೆ

ಹೊಸ ಗಾರೆಯಾದರೆ 28 ದಿನ ಒಣಗಲಿ. ಹಳೆ ಬಣ್ಣ ಇದ್ದರೆ ಪೂರ್ತಿ ಕೆರೆಸಿ. ಶವರ್ ಗೋಡೆಗೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಆಗಿರಬೇಕು. ಆರಡಿ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿದು ನೋಡಿ. ಹಿಂದೆ ಬೆಳಕು ಕಂಡ ಕಡೆ ಗಾರೆಯಿಂದಲೇ ಸರಿಪಡಿಸಿ. ಟೈಲ್ ಅಂಟಿಸುವ ಗಮ್ಮನ್ನೇ ದಪ್ಪ ಹಾಕಿ ತಗ್ಗು ತುಂಬಿಸುತ್ತೇನೆ ಎಂದು ಮೇಸ್ತ್ರಿ ಅಂದರೆ ಒಪ್ಪಬೇಡಿ. ಸಣ್ಣ ಬಿಲ್ಲೆಗಳು ಗೋಡೆಯ ಪ್ರತಿ ಉಬ್ಬನ್ನೂ ಹಾಗೆಯೇ ತೋರಿಸುತ್ತವೆ.

ಗಮ್: ಕೆಡುವುದೆಲ್ಲ ಇಲ್ಲೇ

ಗಮ್ ಬಿಳಿಯದೇ ಆಗಿರಬೇಕು, ಪಾಲಿಮರ್ ಸೇರಿದ್ದಾಗಿರಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ ಗಮ್ಮಿನ ಭಾರತೀಯ ಗುಣಮಟ್ಟದ ಸಂಖ್ಯೆ) ಎಂದು ಇರಲಿ. ಎಲ್ಲಿ ಬಳಸಬಹುದು ಎಂಬ ಪಟ್ಟಿಯಲ್ಲಿ ಗ್ಲಾಸ್ ಮೊಸಾಯಿಕ್ ಹೆಸರು ಇದೆಯೇ ಓದಿ. ದುಡ್ಡು ಉಳಿಸಲು ಬಿಳಿ ಸಿಮೆಂಟಿಗೆ ಮರಗೆಲಸದ ಗಮ್ ಕಲಸಿ ಕೊಡುವವರಿದ್ದಾರೆ. ಆ ಗಮ್ ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ಬಚ್ಚಲುಮನೆಗೆ ಅದನ್ನು ಸೇರಿಸಲೇಬೇಡಿ.

ಮೊದಲು ಬಕೆಟ್ಟಿಗೆ ನೀರು, ಆಮೇಲೆ ಪುಡಿ. ಗಂಟಿಲ್ಲದಂತೆ ಕಲಸಿ ಐದು ನಿಮಿಷ ಬಿಡಿ, ಮತ್ತೆ ಕಲಸಿ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಕರಣೆಯಿಂದ ಜಾರಬಾರದು. ಒಮ್ಮೆ ಗಟ್ಟಿಯಾಗಲು ಶುರುವಾದರೆ ನೀರು ಬೆರೆಸಿ ಸಡಿಲ ಮಾಡಬೇಡಿ, ಚೆಲ್ಲಿಬಿಡಿ.

ಮೊದಲ ಸಾಲಿಗೆ ರಸಮಟ್ಟ ಹಿಡಿದು ಗೆರೆ ಎಳೆಯಿರಿ. ಕಡಪ ಅಥವಾ ಗ್ರಾನೈಟ್ ಕಟ್ಟೆಗೂ ಟೈಲಿಗೂ ನಡುವೆ 2 ಮಿ.ಮೀ. ಸಂದಿ ಬಿಡಿ. ಒಂದು ಬದಿಗೆ ಹಲ್ಲಿರುವ ಕರಣೆ ತೆಗೆದುಕೊಂಡು, ಅದರ ಚಪ್ಪಟೆ ಬದಿಯಿಂದ ಗಮ್ಮನ್ನು ಗೋಡೆಗೆ ಒತ್ತಿ ತೆಳುವಾಗಿ ಬಳಿಯಿರಿ. ಅದರ ಮೇಲೆ ಇನ್ನಷ್ಟು ಹಾಕಿ 4-5 ಮಿ.ಮೀ. ಹಲ್ಲಿನ ಬದಿಯಿಂದ ಅಡ್ಡಡ್ಡ ಎಳೆಯಿರಿ. ಹಲ್ಲು ಎಳೆಯುವುದರಿಂದ ಎಲ್ಲ ಕಡೆ ದಪ್ಪ ಒಂದೇ ಸಮ ಬರುತ್ತದೆ. ಸಾಮಾನ್ಯವಾಗಿ ಮೇಸ್ತ್ರಿ ಇಲ್ಲಿಗೇ ನಿಲ್ಲಿಸಿ ಶೀಟ್ ಎತ್ತಿಕೊಳ್ಳುತ್ತಾರೆ. ಅಲ್ಲೇ ತಡೆಯಿರಿ. ಕರಣೆ ತಿರುಗಿಸಿ, ಚಪ್ಪಟೆ ಬದಿಯನ್ನು ಹಗುರವಾಗಿ ಎಳೆದು ಆ ಗೆರೆಗಳನ್ನೆಲ್ಲ ಮಲಗಿಸಬೇಕು. ಗೋಡೆ ನುಣ್ಣಗೆ ಬಿಳಿ ಹಾಳೆಯಾಗಬೇಕು. ಗೆರೆ ಉಳಿದರೆ ಗಾಜಿನ ಹಿಂದೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಪಟ್ಟೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಒಂದು ಸಲಕ್ಕೆ ಎರಡು ಮೂರು ಶೀಟಿನಷ್ಟು ಜಾಗಕ್ಕೆ ಮಾತ್ರ ಬಳಿಯಿರಿ. ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡಿ. ಗಮ್ ಮುಟ್ಟಿದರೆ ಬೆರಳಿಗೆ ಬಿಳಿ ಹತ್ತಬೇಕು. ಹತ್ತದಿದ್ದರೆ ಮೇಲೆ ಕೆನೆ ಕಟ್ಟಿದೆ ಅಂತಲೇ ಅರ್ಥ. ಕೆರೆದು ಹೊಸದಾಗಿ ಬಳಿಯಿರಿ.

ಶೀಟನ್ನು ಕಾಗದ ನಿಮ್ಮ ಕಡೆ ಬರುವಂತೆ ಇಟ್ಟು, ಮರದ ತುಂಡು ಹಿಡಿದು ಮೆಲ್ಲಗೆ ತಟ್ಟಿ. ಮೊದಲ ಶೀಟನ್ನು ಮಾತ್ರ ಕಿತ್ತು ಬೆನ್ನು ನೋಡಿ. ಪ್ರತಿ ಬಿಲ್ಲೆಗೂ ಮೂಲೆಯಿಂದ ಮೂಲೆಗೆ ಗಮ್ ಹತ್ತಿದ್ದರೆ ಅದೇ ಅಳತೆಯಲ್ಲಿ ಮುಂದುವರಿಯಿರಿ. ಶೀಟ್ ಶೀಟಿನ ನಡುವಿನ ಸಂದಿ, ಬಿಲ್ಲೆ ಬಿಲ್ಲೆಯ ನಡುವಿನ ಸಂದಿಯಷ್ಟೇ ಇರಲಿ. ಇಲ್ಲದಿದ್ದರೆ ಗೋಡೆ ತುಂಬ ಒಂದೊಂದಡಿ ಚೌಕಗಳೇ ಎದ್ದು ಕಾಣುತ್ತವೆ.

ಗಮ್ ಸ್ವಲ್ಪ ಬಿಗಿದ ಮೇಲೆ ಕಾಗದವನ್ನು ಸ್ಪಂಜಿನಿಂದ ನೆನೆಸಿ. ಹತ್ತು ನಿಮಿಷ ಬಿಟ್ಟು ಮತ್ತೆ ನೆನೆಸಿ. ಮೂಲೆ ಹಿಡಿದು ಗೋಡೆಗೆ ಒತ್ತಿಕೊಂಡಂತೆ ಓರೆಯಾಗಿ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ಬಿಲ್ಲೆಯೂ ಕಿತ್ತು ಬರುತ್ತದೆ. ಸೊಟ್ಟಗಾದ ಬಿಲ್ಲೆಗಳನ್ನು ಸರಿ ಮಾಡಲು ಇದೇ ಸಮಯ, ಆಮೇಲೆ ಆಗುವುದಿಲ್ಲ.

ಸ್ವಿಚ್ ಬೋರ್ಡ್ ಸುತ್ತ ಕತ್ತರಿಸಲು ಚಕ್ರದ ಇಕ್ಕಳ ಬಳಸಿ, ಕನ್ನಡಕ ಹಾಕಿಕೊಳ್ಳಿ.

ಸಂದಿ ತುಂಬುವುದು

ಎರಡು ದಿನ ಬಿಡಿ, ಮಳೆಗಾಲವಾದರೆ ಮೂರು. ಗಾಜು ತೇವವನ್ನು ಹೊರಗೆ ಬಿಡುವುದಿಲ್ಲ, ಗಮ್ ನಿಧಾನ ಒಣಗುತ್ತದೆ. ಮರಳು ಸೇರಿದ ಗ್ರೌಟ್ (ಸಂದಿ ತುಂಬುವ ಲೇಪ) ಬೇಡ, ಗಾಜಿಗೆ ಗೀರು ಬೀಳುತ್ತದೆ. ಅಡುಗೆಮನೆಗೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟೇ ಸರಿ. ಸಿಮೆಂಟ್ ಗ್ರೌಟಿಗೆ ಅರಿಸಿನ ಹತ್ತಿದರೆ ಹೋಗುವುದು ಕಷ್ಟ. ಎಪಾಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಕಲಸಿ, ರಬ್ಬರ್ ಕರಣೆಯಿಂದ ಓರೆಯಾಗಿ ತುಂಬಿ, ಆಗಿಂದಾಗ್ಗೆ ಒರೆಸುತ್ತಾ ಹೋಗಿ. ಗಾಜಿನ ಮೇಲೆ ಒಣಗಿದರೆ ಬ್ಲೇಡಿನಿಂದ ಕೆರೆಯುವುದೇ ಗತಿ. ಕೊನೆಗೆ ಆಸಿಡ್ ಹಾಕಿ ತೊಳೆದುಕೊಡುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ಆಸಿಡ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ, ನಲ್ಲಿಯ ಹೊಳಪನ್ನೂ ಕೆಡಿಸುತ್ತದೆ.

ಕಟ್ಟೆ ಸೇರುವ ಜಾಗ, ಗೋಡೆ ಗೋಡೆ ಸೇರುವ ಮೂಲೆ, ಇವೆರಡಕ್ಕೆ ಮಾತ್ರ ಗ್ರೌಟ್ ಬೇಡ, ಸಿಲಿಕೋನ್ ತುಂಬಿ. ಬಿಸಿಲಿಗೆ, ಒಲೆಯ ಕಾವಿಗೆ ಗಾಜು ಹಿಗ್ಗಿದಾಗ ಜಾಗ ಬೇಕು. ಒಂದು ದಿನ ಬಿಟ್ಟು ಒಲೆ ಹಚ್ಚಬಹುದು. ಶವರ್ ಮಾತ್ರ ಒಂದು ವಾರ ತಿರುಗಿಸಬೇಡಿ.