ತೆಲುಗು ಸಿನಿಮಾದಲ್ಲಿ ಸಣ್ಣ ಕಾಮಿಡಿ ವೇಷ ಕಟ್ಟುವುದು ಹೇಗೆ: 14 ವರ್ಷದಲ್ಲಿ ನಾನು ಕಲಿತದ್ದು

ನಾನು ಬಳ್ಳಾರಿಯವನು. 14 ವರ್ಷದಿಂದ ಹೈದರಾಬಾದಿನಲ್ಲಿದ್ದೇನೆ. ನನ್ನ ಮುಖ ನೀವು ಎಲ್ಲೋ ನೋಡಿರಬಹುದು, ಹೆಸರು ಗೊತ್ತಿರಲಿಕ್ಕಿಲ್ಲ. ಹೀರೋನ ಮೂರನೇ ಗೆಳೆಯ, ಜೀಪಿನ ಹಿಂದೆ ಓಡುವ ಕಾನ್‌ಸ್ಟೇಬಲ್, ಅಪಾರ್ಟ್‌ಮೆಂಟಿನ ವಾಚ್‌ಮನ್, ಮದುವೆ ಮನೆಯಲ್ಲಿ ಎರಡು ಸಲ ಊಟಕ್ಕೆ ಕೂರುವ ನೆಂಟ. ಇಂಥವೇ ನನ್ನ ವೇಷಗಳು. ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬ ಹುಡುಗ ಹಿಡಿದುಕೊಳ್ಳುತ್ತಾನೆ. "ಅಣ್ಣಾ, ನಂಗೂ ತೆಲುಗು ಬರುತ್ತೆ. ಫ್ರೆಂಡ್ಸ್ ಎಲ್ಲ ನನ್ನ ಮಾತಿಗೆ ಬಿದ್ದು ಬಿದ್ದು ನಗ್ತಾರೆ. ಏನ್ ಮಾಡ್ಬೇಕು?" ಪ್ರತಿ ಸಲವೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ.

ಗೆಳೆಯರನ್ನು ನಗಿಸುವುದೇ ಬೇರೆ, ಈ ಕೆಲಸವೇ ಬೇರೆ. ನನಗೆ ಅದು ಗೊತ್ತಾಗಿದ್ದು ಮೊದಲ ಡೈಲಾಗ್ ಸಿಕ್ಕಾಗ. ನಾನು ಹೋಟೆಲ್ ಸಪ್ಲೈಯರ್. ಹೀರೋ "ಏನಿದೆ?" ಅಂತಾನೆ, ನಾನು ಉಸಿರು ಬಿಡದೆ ತಿಂಡಿಗಳ ಹೆಸರು ಹೇಳಬೇಕು. ರಾತ್ರಿಯೆಲ್ಲ ರೂಮಿನಲ್ಲಿ ಉರು ಹೊಡೆದೆ. ಟೇಕ್‌ನಲ್ಲಿ ಹುಮ್ಮಸ್ಸು ಜಾಸ್ತಿಯಾಗಿ ಕೊನೆಗೆ ನನ್ನದೇ ಎರಡು ಮಾತು ಸೇರಿಸಿದೆ. ಅದು ಹೀರೋನ ಮಾತಿನ ಮೇಲೆ ಬಿತ್ತು. ಯಾರೂ ಬೈಯಲಿಲ್ಲ. ಥಿಯೇಟರಿನಲ್ಲಿ ನೋಡಿದರೆ ನನ್ನ ಕೈ ಮಾತ್ರ ಇತ್ತು. ಪ್ಲೇಟ್ ಇಟ್ಟು ಹೋಗುವ ಕೈ.

ಮುಂದಿನ ಸಿನಿಮಾದಲ್ಲಿ ಮಾತೇ ಇಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೇನೆ, ಪಕ್ಕದಲ್ಲಿ ವಿಲನ್ ಯಾರಿಗೋ ಬೆದರಿಕೆ ಹಾಕುತ್ತಿದ್ದಾನೆ. ಗ್ಲಾಸನ್ನು ತುಟಿಯ ಹತ್ತಿರ ತಂದೆ. ಕುಡಿಯಲಿಲ್ಲ, ಇಳಿಸಲೂ ಇಲ್ಲ. ಸುಮ್ನೆ ಅವನ ಮಾತು ಕೇಳುತ್ತಾ ಹಾಗೇ ಇದ್ದೆ. ನಾಲ್ಕು ಸೆಕೆಂಡ್ ಇಟ್ಟುಕೊಂಡರು. ಜನ ನಕ್ಕರು. ಅತ್ತಿಗೆ ಬಳ್ಳಾರಿಯಿಂದ ಫೋನ್ ಮಾಡಿ, "ಟೀ ಯಾಕೆ ಕುಡೀಲಿಲ್ಲ?" ಅಂತ ಕೇಳಿದರು.

ಹಾಗಾಗಿ ಮೊದಲ ಅಭ್ಯಾಸ ಕೇಳುವುದು. 1987ರ 'ಅಹ ನಾ ಪೆಳ್ಳಂಟ' ಹಾಕಿಕೊಂಡು ಕೂರಿ. ಜಂಧ್ಯಾಲ ಅವರ ಸಿನಿಮಾ. ಕೋಟ ಶ್ರೀನಿವಾಸ ರಾವು ಜಿಪುಣ ಲಕ್ಷ್ಮೀಪತಿ, ಅವನ ಕೈಕೆಳಗಿನ ಆಳು 'ಅರಗುಂಡು' (ಅಂದರೆ ಅರ್ಧ ಬೋಳು ತಲೆಯವನು) ಬ್ರಹ್ಮಾನಂದಂ. ಆಂಧ್ರದ ಅತ್ತಿಲಿಯಲ್ಲಿ ತೆಲುಗು ಪಾಠ ಮಾಡುತ್ತಿದ್ದ ಮೇಷ್ಟ್ರು ಬ್ರಹ್ಮಾನಂದಂಗೆ ದಾರಿ ತೆರೆದ ಪಾತ್ರ ಇದು. ಕೋಳಿಯನ್ನು ಮೇಲಿಂದ ನೇತುಹಾಕಿ, ಅದನ್ನು ನೋಡುತ್ತಾ ಬರೀ ಅನ್ನ ತಿನ್ನುವ ದೃಶ್ಯ ಇರುವುದೂ ಇದರಲ್ಲೇ. ಒಂದು ಸಲ ಸೌಂಡ್ ಇಟ್ಟು ನೋಡಿ. ಎರಡನೇ ಸಲ ಸೌಂಡ್ ತೆಗೆದು, ಮಾತಾಡದೆ ಇರುವವನ ಮುಖವನ್ನೇ ನೋಡಿ. ಇವತ್ತು ವಾಟ್ಸಾಪಿನಲ್ಲಿ ಓಡಾಡುವ ಬ್ರಹ್ಮಾನಂದಂ ಮೀಮ್‌ಗಳಲ್ಲಿ ಎಷ್ಟರಲ್ಲಿ ಅವರ ಮಾತಿದೆ? ಮುಖ ಸಾಕು. ತೆಲುಗು ಬಾರದ ನಮ್ಮವರೂ ಕಳಿಸುತ್ತಾರೆ, ಅಲ್ವಾ?

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಒಬ್ಬರ ಕೈಗೆ ಪೇಪರ್ ಕೊಟ್ಟು ಜೋರಾಗಿ ಓದಿಸಿ. ನೀವು ಎದುರು ಕೂತು ಕೇಳಿ. ಮೊಬೈಲ್ ನಿಮ್ಮ ಮುಖದ ಕಡೆ ಇರಲಿ. ಯಾವ ಸುದ್ದಿಗೂ ತಕ್ಷಣ ಹುಬ್ಬು ಎತ್ತಬೇಡಿ. ಮನಸ್ಸಿನಲ್ಲಿ ಎರಡು ಎಣಿಸಿ, ಆಮೇಲೆ ಏನು ಬರುತ್ತದೋ ಬರಲಿ. ಒಂದು ವಾರ ಮಾಡಿದರೆ ನಿಮ್ಮ ಮುಖ ಎಷ್ಟು ಸುಳ್ಳು ಹೇಳುತ್ತದೆ ಅಂತ ನಿಮಗೇ ಕಾಣುತ್ತದೆ.

ಇನ್ನು ಭಾಷೆ. ಬಳ್ಳಾರಿ, ರಾಯಚೂರು, ಪಾವಗಡ, ಚಿಂತಾಮಣಿ ಕಡೆಯವರಿಗೆ ತೆಲುಗು ಬರುತ್ತದೆ ಅನ್ನುವ ಧೈರ್ಯ ಜಾಸ್ತಿ. ನನಗೂ ಇತ್ತು. ಮೊದಲ ದಿನವೇ ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್ ನನ್ನ 'ಚೂಡು', 'ಚಾಲಾ' ಕೇಳಿ ನಕ್ಕ. ಅವರು ಅಲ್ಲಿ 'ಚ'ವನ್ನು ಹಲ್ಲಿಗೆ ನಾಲಿಗೆ ತಾಗಿಸಿ 'ತ್ಸ' ಅನ್ನುವ ಹಾಗೆ ಹೇಳುತ್ತಾರೆ. ನಾವು ನಮ್ಮ ಚಪಾತಿಯ 'ಚ' ಹೇಳುತ್ತೇವೆ. 'ಜ' ಕೂಡ ಹಾಗೇ. ಇದೊಂದು ತಿದ್ದಿಕೊಳ್ಳಿ. ಆಮೇಲೆ ಗೋದಾವರಿ ಕಡೆಯ ಎಳೆತ, ಶ್ರೀಕಾಕುಳಂ ಯಾಸ, ತೆಲಂಗಾಣದ ಮಾತು, ರಾಯಲಸೀಮೆಯ ಮಾತು ಬೇರೆ ಬೇರೆಯಾಗಿ ಕಿವಿಗೆ ಬೀಳಬೇಕು. 'ಯಾಸ' ಅಂದರೆ ಮಾತಿನ ಧಾಟಿ. ನಮಗೆ ರಾಯಲಸೀಮೆಯದು ಹತ್ತಿರ, ಅನಂತಪುರದ ಪಾತ್ರ ಬಂದರೆ ನನ್ನನ್ನು ನೆನಪಿಸಿಕೊಳ್ಳುತ್ತಾರೆ. ಎಲ್ಲವನ್ನೂ ಅರ್ಧಂಬರ್ಧ ಅನುಕರಿಸುವುದಕ್ಕಿಂತ ಒಂದನ್ನು ಗಟ್ಟಿಯಾಗಿ ಹಿಡಿಯಿರಿ.

ಕೈಲಿರುವ ಕೆಲಸ ಬಿಟ್ಟು ಓಡಿ ಬರಬೇಡಿ. ದುಡ್ಡಿನ ಮಾತು ಆಮೇಲೆ ಹೇಳುತ್ತೇನೆ, ಇದಕ್ಕೆ ಬೇರೆ ಕಾರಣವೂ ಇದೆ. ಇಲ್ಲಿ ಗಟ್ಟಿಯಾಗಿ ನಿಂತ ಕಾಮಿಡಿ ನಟರಲ್ಲಿ ಎಷ್ಟೋ ಜನ ಬೇರೆ ಕೆಲಸ ಮಾಡಿ ಬಂದವರು. ಅಲ್ಲು ರಾಮಲಿಂಗಯ್ಯ ಹೋಮಿಯೋಪತಿ ಔಷಧಿ ಕೊಡುತ್ತಿದ್ದರು. ಸುತ್ತಿ ವೀರಭದ್ರ ರಾವು ಆಕಾಶವಾಣಿಯವರು. ಎ.ವಿ.ಎಸ್. ಪತ್ರಕರ್ತರು. ಎಂ.ಎಸ್. ನಾರಾಯಣ ಕಾಲೇಜಿನಲ್ಲಿ ತೆಲುಗು ಹೇಳುತ್ತಿದ್ದರು. ಕೌಂಟರಿನ ಆಚೆ ಈಚೆ ನಿಂತು ಸಾವಿರಾರು ಜನರನ್ನು ನೋಡಿದ್ದು ಅವರ ಬಂಡವಾಳ. ನನ್ನದು ಬಳ್ಳಾರಿಯಲ್ಲಿ ಸರ್ಕಾರಿ ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಅಲ್ಲಿಗೆ ಒಬ್ಬ ಯಜಮಾನರು ಬರುತ್ತಿದ್ದರು. ಒಂದು ರೂಪಾಯಿ ಕೊಡುವ ಮೊದಲು ನಾಣ್ಯವನ್ನು ಎರಡೂ ಕಡೆ ತಿರುಗಿಸಿ ನೋಡುತ್ತಿದ್ದರು, ಬೀಳ್ಕೊಡುವವರ ಹಾಗೆ. ಆ ಒಂದು ಚಾಳಿ ನನಗೆ ಮೂರು ಸಿನಿಮಾದಲ್ಲಿ ಕೆಲಸಕ್ಕೆ ಬಂದಿದೆ.

ಹೈದರಾಬಾದಿಗೆ ಬಂದರೆ ಕೃಷ್ಣಾನಗರಕ್ಕೆ ಬರುತ್ತೀರಿ, ಎಲ್ಲರೂ ಅಲ್ಲಿಗೇ ಬರುವುದು. ಬೆಳಗಿನ ಜಾವ ಅಲ್ಲಿಂದ ಜೂನಿಯರ್ ಆರ್ಟಿಸ್ಟ್‌ಗಳನ್ನು ತುಂಬಿಕೊಂಡು ಬಸ್ಸುಗಳು ಹೊರಡುತ್ತವೆ. ಇಲ್ಲೊಂದು ಎಚ್ಚರಿಕೆ. ಗುಂಪಿನಲ್ಲಿ ನಿಲ್ಲುವ ಕೆಲಸದಿಂದ ಸೆಟ್ ಪರಿಚಯವಾಗುತ್ತದೆ, ಅನ್ನವೂ ಹುಟ್ಟುತ್ತದೆ. ಆದರೆ ವರ್ಷಗಟ್ಟಲೆ ಅದರಲ್ಲೇ ಇದ್ದರೆ ನಿಮ್ಮನ್ನು ಗುಂಪಿನವನು ಅಂತಲೇ ನೋಡುತ್ತಾರೆ, ಡೈಲಾಗ್ ಕೊಡಲು ಹಿಂಜರಿಯುತ್ತಾರೆ. ನಾನು ಏಳು ತಿಂಗಳಿಗೆ ನಿಲ್ಲಿಸಿದೆ. ನಾಟಕ ಸ್ಪರ್ಧೆಗಳಿಗೆ (ಇಲ್ಲಿ 'ಪರಿಷತ್' ಅನ್ನುತ್ತಾರೆ) ಹೋಗುವ ತಂಡವೊಂದಕ್ಕೆ ಸೇರಿಕೊಂಡೆ, ಅಲ್ಲಿಂದ ಒಬ್ಬ ಕೋ-ಡೈರೆಕ್ಟರ್ (ಡೈರೆಕ್ಟರ್ ಕೈಕೆಳಗಿನ ಹಿರಿಯ ಸಹಾಯಕ) ಕಣ್ಣಿಗೆ ಬಿದ್ದೆ. ಸಣ್ಣ ವೇಷಗಳಿಗೆ ಹೆಸರು ಸೂಚಿಸುವವರು ಹೆಚ್ಚಾಗಿ ಕೋ-ಡೈರೆಕ್ಟರ್‌ಗಳೇ. ಡೈರೆಕ್ಟರ್ ಮನೆ ಗೇಟಿನ ಮುಂದೆ ನಿಲ್ಲುವ ಬದಲು ಇವರಿಗೆ ಫೋಟೋ ಕಳಿಸಿ. ಕೂಲಿಂಗ್ ಗ್ಲಾಸ್ ಬೇಡ. ಮೀಸೆ ಇರುವುದೊಂದು, ಇಲ್ಲದ್ದೊಂದು, ಪಕ್ಕದಿಂದ ಒಂದು. ಒಂದು ನಿಮಿಷದ ವಿಡಿಯೋ. ಅದರಲ್ಲಿ ಇನ್ನೊಬ್ಬರ ಫೇಮಸ್ ಡೈಲಾಗ್ ಹೇಳಬೇಡಿ, ದಯವಿಟ್ಟು. ಪಾತ್ರ ಕೊಡುತ್ತೇನೆ ಅಂತ ಮೊದಲೇ ದುಡ್ಡು ಕೇಳಿದವರು ಕಳ್ಳರು. ನಾನು 6,000 ಕೊಟ್ಟು ಕಲಿತಿದ್ದೇನೆ, ನೀವು ಪುಕ್ಕಟೆ ಕಲಿಯಿರಿ.

ಟಿವಿ ಕಡೆಯಿಂದಲೂ ದಾರಿ ಇದೆ. ಈಟಿವಿಯಲ್ಲಿ 2013ರಲ್ಲಿ ಶುರುವಾದ ಕಾಮಿಡಿ ಸ್ಕಿಟ್ ಕಾರ್ಯಕ್ರಮ 'ಜಬರ್ದಸ್ತ್'ನಿಂದ ಬಹಳ ಜನ ಸಿನಿಮಾಕ್ಕೆ ಬಂದರು. ಅದರಲ್ಲಿದ್ದ ವೇಣು 2023ರಲ್ಲಿ 'ಬಲಗಂ' ನಿರ್ದೇಶಿಸಿದರು. ಆದರೆ ಸ್ಕಿಟ್‌ನಲ್ಲಿ ಜೋರಾಗಿ ಕೂಗಿ ಅಭ್ಯಾಸವಾದವರಿಗೆ ಕ್ಲೋಸಪ್‌ನಲ್ಲಿ ತಗ್ಗುವುದು ಕಷ್ಟ.

ಸೆಟ್ಟಿನ ವಿಷಯ. ಸೇರಿಸಬೇಕೆನಿಸಿದ ಮಾತನ್ನು ರಿಹರ್ಸಲ್‌ನಲ್ಲೇ ಕೇಳಿ, ಟೇಕ್‌ನಲ್ಲಿ ಬೇಡ. ಪಕ್ಕದಿಂದ ಡೈಲಾಗ್ ಹೇಳಿಕೊಡುತ್ತಾರೆ, ಅಂದರೆ ಪ್ರಾಂಪ್ಟಿಂಗ್ ಕೊಡುತ್ತಾರೆ ಅಂತ ಡೈಲಾಗ್ ಕಲಿಯದೆ ಹೋಗಬೇಡಿ. ಕಿವಿ ಪ್ರಾಂಪ್ಟಿಂಗ್ ಕಡೆ ಹೋದರೆ ಮುಖ ಎದುರಿನವರ ಮಾತು ಕೇಳುವುದಿಲ್ಲ. ತಿನ್ನುವ ಸೀನ್ ಇದ್ದರೆ ಮೊದಲ ಟೇಕ್‌ನಲ್ಲಿ ಎಷ್ಟು ಸಣ್ಣ ತುತ್ತು ಸಾಧ್ಯವೋ ಅಷ್ಟು ತೆಗೆದುಕೊಳ್ಳಿ. ಕಂಟಿನ್ಯುಟಿ ಅಂತ ಪ್ರತಿ ಟೇಕ್‌ನಲ್ಲೂ ಅಷ್ಟೇ ತಿನ್ನಬೇಕಾಗುತ್ತದೆ. ನಾನು ಒಂದು ಸಲ ಹೀರೋಯಿಸಂ ತೋರಿಸಲು ಇಡೀ ಇಡ್ಲಿ ಬಾಯಿಗಿಟ್ಟೆ. ಮಧ್ಯಾಹ್ನದೊಳಗೆ 17 ಇಡ್ಲಿ. ಈಗಲೂ ಮನೆಯಲ್ಲಿ ಇಡ್ಲಿ ಮಾಡಿದರೆ ಉಪ್ಪಿಟ್ಟು ಕೇಳುತ್ತೇನೆ.

ದುಡ್ಡು. ದಿನಕ್ಕೆ ಇಷ್ಟು ಅಂತಲೇ ಮಾತಾಡಿಕೊಳ್ಳಿ. ಪೂರ್ತಿ ಸಿನಿಮಾಕ್ಕೆ ಇಷ್ಟು ಅಂತ ಒಪ್ಪಿಕೊಂಡರೆ ಮೂರು ದಿನದ ಕೆಲಸ ಒಂಬತ್ತು ದಿನವಾಗುತ್ತದೆ. ಬಾಕಿ ಇದ್ದರೆ ಡಬ್ಬಿಂಗ್‌ಗೆ ಮೊದಲು ಕೇಳಿ. ನಿಮ್ಮ ದನಿ ಅವರಿಗೆ ಬೇಕಾಗಿರುವುದು ಆ ಒಂದು ದಿನವೇ. ಡಬ್ಬಿಂಗ್ ಮುಗಿಸಿ ಬಂದ ಮೇಲೆ ಫೋನ್ ಎತ್ತುವುದಿಲ್ಲ. ನನಗೊಂದು ಚೆಕ್ ಬೌನ್ಸ್ ಆಗಿ ಬಂದಿದೆ, ಇನ್ನೂ ಪರ್ಸಿನಲ್ಲಿದೆ.

ಒಂದು ಪಾತ್ರ ಹಿಟ್ ಆದರೆ ಅದೇ ಕಾಟ ಶುರುವಾಗುತ್ತದೆ. 2002ರ 'ಖಡ್ಗಂ'ನಲ್ಲಿ ತೆಲುಗು ಕಾಮಿಡಿ ನಟ ಪೃಥ್ವಿರಾಜ್ 'ಥರ್ಟಿ ಇಯರ್ಸ್ ಇಂಡಸ್ಟ್ರಿ' ಅಂದರು, ಅದು ಅವರ ಹೆಸರಿಗೇ ಅಂಟಿತು. ಆ ಮಟ್ಟದ ಕಾಟ ನನಗೆ ಬಂದಿಲ್ಲ, ಬಂದರೆ ಬೇಡ ಅನ್ನುವುದೂ ಇಲ್ಲ. ಆದರೆ ಮೂರನೇ ಸಲ ಕುಡುಕನ ಪಾತ್ರ ಬಂದಾಗ, ಈ ಸಲ ಇವನು ಕುಡಿದು ಬಹಳ ಮರ್ಯಾದೆಯಿಂದ ಮಾತಾಡಲಿ ಅಂತ ಕೇಳಿದೆ. ಒಪ್ಪಿದರು.

ಕೊನೆಗೆ ಬ್ಯಾಗ್. ಬಿಳಿ ಶರ್ಟ್, ಲುಂಗಿ, ಸೇಫ್ಟಿ ಪಿನ್, ಕಪ್ಪು ಶೂ. ಶೂ ಮಾತ್ರ ಮರೆಯಬೇಡಿ, ಕಾಸ್ಟ್ಯೂಮ್‌ನವರ ಹತ್ತಿರ ನಿಮ್ಮ ಅಳತೆಯದು ಇರುವುದಿಲ್ಲ. ನನ್ನ ಕಾಲು 10, ಒಮ್ಮೆ 8ರ ಬೂಟು ಕೊಟ್ಟು ಕಾನ್‌ಸ್ಟೇಬಲ್ ಮಾಡಿದರು. ನೋವಿಗೆ ಬಾತುಕೋಳಿ ಥರ ನಡೆದೆ. ಡೈರೆಕ್ಟರ್ ಅದನ್ನು ನಟನೆ ಅಂದುಕೊಂಡು ಮತ್ತೆ ಎರಡು ಸಲ ನಡೆಸಿದರು.

ಜನ ನಕ್ಕರು, ನಿಜ. ಆದರೂ ನಾನು ಈಗ ಶೂ ಒಯ್ಯುತ್ತೇನೆ.